ಟ್ಯಾಕ್ಸ್ ಇಲ್ಲದ ರಾಜ್ಯಕ್ಕೆ ಹೋಗಬೇಕಾ? ಆಟಗಾರನ ಲೆಕ್ಕ ಬೇರೆ, ರಿಟೈರ್ ಆದವರ ಲೆಕ್ಕ ಬೇರೆ

2025ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಊಟ ಮುಗಿದ ಕೂಡಲೇ ಭಾವ ಡೈನಿಂಗ್ ಟೇಬಲ್ ಮೇಲೆ ಕಾಗದಗಳನ್ನು ಹರಡಿದರು. ಮನೆಯ ಪ್ರಾಪರ್ಟಿ ಟ್ಯಾಕ್ಸ್ ಬಿಲ್, ಇನ್ಶೂರೆನ್ಸ್ ಪತ್ರ, ಹಿಂದಿನ ವರ್ಷದ ರಿಟರ್ನ್, ಜೊತೆಗೆ ಟೆಕ್ಸಸ್‌ನ ಪ್ಲೇನೋದಲ್ಲಿರುವ ಒಂದು ಮನೆಯ ಬಣ್ಣದ ಫೋಟೋ. "ಇಲ್ಲಿ 13 ಪರ್ಸೆಂಟ್ ಟ್ಯಾಕ್ಸ್, ಅಲ್ಲಿ ಸೊನ್ನೆ. ಇನ್ನೇನು ಯೋಚನೆ ಮಾಡೋದು?" ಅಂದರು.

ಇಬ್ಬರೂ ರಿಟೈರ್ ಆಗಿದ್ದಾರೆ. ವರ್ಷಕ್ಕೆ ಸೋಷಿಯಲ್ ಸೆಕ್ಯುರಿಟಿ ಅನ್ನುವ ಸರ್ಕಾರಿ ಪೆನ್ಷನ್‌ನಿಂದ 50 ಸಾವಿರ ಡಾಲರ್, ಐಆರ್‌ಎ ಅನ್ನುವ ನಿವೃತ್ತಿ ಉಳಿತಾಯ ಖಾತೆಯಿಂದ 90 ಸಾವಿರ ಡಾಲರ್ ಬರುತ್ತದೆ. ಪೆನ್ನು ತಗೊಂಡು ಅಲ್ಲೇ ಲೆಕ್ಕ ಹಾಕಿದೆ. ಕ್ಯಾಲಿಫೋರ್ನಿಯಾ ಸೋಷಿಯಲ್ ಸೆಕ್ಯುರಿಟಿಯನ್ನು ಮುಟ್ಟುವುದೇ ಇಲ್ಲ. ಉಳಿದ 90 ಸಾವಿರದಲ್ಲಿ 2024ರ ಸ್ಟ್ಯಾಂಡರ್ಡ್ ಡಿಡಕ್ಷನ್ 11,080 ಕಳೆದರೆ 78,920. ಇಬ್ಬರ ಜಂಟಿ ರಿಟರ್ನ್‌ನಲ್ಲಿ ಅದರ ಮೊದಲ ಭಾಗಕ್ಕೆ 1 ಪರ್ಸೆಂಟ್, ಮುಂದಿನದಕ್ಕೆ 2, ಕೊನೆಯದಕ್ಕೆ 4. ತಲೆಗೆ ಇಷ್ಟು ಅಂತ ಸಿಗುವ ಕ್ರೆಡಿಟ್, ಅಂದರೆ ಟ್ಯಾಕ್ಸ್‌ನಲ್ಲೇ ಕಳೆಯುವ ರಿಯಾಯಿತಿ, ಜೊತೆಗೆ ಇಬ್ಬರಿಗೂ 65 ದಾಟಿರುವುದಕ್ಕೆ ಸಿಗುವ ಕ್ರೆಡಿಟ್‌ಗಳನ್ನೂ ಕಳೆದ ಮೇಲೆ ರಾಜ್ಯಕ್ಕೆ ಕಟ್ಟಬೇಕಾದದ್ದು ಸುಮಾರು 1,300 ಡಾಲರ್. ಒಂದು ಲಕ್ಷ ನಲವತ್ತು ಸಾವಿರ ಬರುವ ಮನೆಗೆ 1,300. ಒಂದು ಪರ್ಸೆಂಟ್ ಕೂಡ ಆಗಲಿಲ್ಲ.

ಭಾವ ಎರಡು ಸಲ ಕೂಡಿ ನೋಡಿದರು.

ನಾನು ಅಮೆರಿಕದಲ್ಲಿ ನಮ್ಮವರ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವ ಕೆಲಸ ಮಾಡುತ್ತೇನೆ. ಇಂಥ ಮಾತು ವರ್ಷಕ್ಕೆ ಹತ್ತಾರು ಮನೆಗಳಲ್ಲಿ ಬರುತ್ತದೆ. ಆ 13 ಪರ್ಸೆಂಟ್ ಅನ್ನೋ ಅಂಕಿ ಜನರ ತಲೆಗೆ ಹೊಕ್ಕಿರುವುದು ಬಹುಪಾಲು ಕ್ರೀಡಾ ಸುದ್ದಿಗಳಿಂದ. ಇಂಥ ಆಟಗಾರ ಫ್ಲೋರಿಡಾಕ್ಕೆ ಹೋದ, ಇಷ್ಟು ಕೋಟಿ ಉಳಿಸಿದ ಅಂತ ಓದುತ್ತೇವೆ. ಓದಿ, ನಮ್ಮ ಸ್ಥಿತಿಯೂ ಹಾಗೇ ಅಂದುಕೊಳ್ಳುತ್ತೇವೆ. ಅಲ್ಲೇ ಲೆಕ್ಕ ತಪ್ಪುವುದು. ಆಟಗಾರನ ಟ್ಯಾಕ್ಸ್ ಅವನು ಆಡಿದ ಜಾಗದ ಹಿಂದೆ ಹೋಗುತ್ತದೆ. ರಿಟೈರ್ ಆದವರ ಟ್ಯಾಕ್ಸ್ ಅವರು ಮಲಗುವ ಮನೆಯ ಹಿಂದೆ ಹೋಗುತ್ತದೆ. ಇದೊಂದು ಗೊತ್ತಿದ್ದರೆ ಉಳಿದದ್ದು ಸುಲಭ.

ಕರ್ನಾಟಕದಲ್ಲಿ ಕೂತು ಓದುವವರಿಗೆ ಒಂದು ಮಾತು. ನಮ್ಮಲ್ಲಿ ಇನ್‌ಕಮ್ ಟ್ಯಾಕ್ಸ್ ಅಂದರೆ ಕೇಂದ್ರ ಸರ್ಕಾರದ್ದು. ಬೆಂಗಳೂರು ಬಿಟ್ಟು ಚೆನ್ನೈಗೆ ಹೋದರೆ ಅದರ ದರ ಬದಲಾಗುವುದಿಲ್ಲ. ರಾಜ್ಯಕ್ಕೆ ಸಂಬಳದಿಂದ ಹೋಗುವುದು ತಿಂಗಳಿಗೆ ಸುಮಾರು 200 ರೂಪಾಯಿ ವೃತ್ತಿ ತೆರಿಗೆ, ಅದೂ ವರ್ಷಕ್ಕೆ 2,500 ದಾಟಬಾರದು ಅಂತ ಸಂವಿಧಾನವೇ ಹೇಳುತ್ತದೆ. ಅಮೆರಿಕದಲ್ಲಿ ಫೆಡರಲ್, ಅಂದರೆ ಕೇಂದ್ರದ ಟ್ಯಾಕ್ಸ್ ಮೇಲೆ ರಾಜ್ಯದ್ದು ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಗರಿಷ್ಠ 13.3 ಪರ್ಸೆಂಟ್, ನ್ಯೂಯಾರ್ಕ್‌ನಲ್ಲಿ 10.9, ಅದರ ಮೇಲೆ ನ್ಯೂಯಾರ್ಕ್ ನಗರದ್ದು 3.876. ನ್ಯೂಜೆರ್ಸಿಯಲ್ಲಿ 10.75. ಸಂಬಳಕ್ಕೆ ಟ್ಯಾಕ್ಸ್ ಹಾಕದ ರಾಜ್ಯಗಳು 2025ರಲ್ಲಿ ಒಂಬತ್ತು: ಅಲಾಸ್ಕಾ, ಫ್ಲೋರಿಡಾ, ನೆವಾಡಾ, ನ್ಯೂ ಹ್ಯಾಂಪ್‌ಶೈರ್, ಸೌತ್ ಡಕೋಟ, ಟೆನೆಸೀ, ಟೆಕ್ಸಸ್, ವಾಷಿಂಗ್ಟನ್, ವಯೋಮಿಂಗ್.

ಆಟಗಾರ ಊರು ಬದಲಿಸಿದರೆ ಎಷ್ಟು ಉಳಿಯುತ್ತದೆ?

ಅಂದುಕೊಂಡಷ್ಟು ಉಳಿಯುವುದಿಲ್ಲ. ಕಾರಣ, ಬೇರೆ ಊರಿಂದ ಬಂದು ಆಡಿ ಹೋಗುವವರ ಮೇಲೂ ರಾಜ್ಯಗಳು ಟ್ಯಾಕ್ಸ್ ಹಾಕುತ್ತವೆ. ಇದಕ್ಕೆ ಇಲ್ಲಿನವರು ಜಾಕ್ ಟ್ಯಾಕ್ಸ್ ಅನ್ನುತ್ತಾರೆ. ಜಾಕ್ ಅಂದರೆ ಆಡುಮಾತಿನಲ್ಲಿ ಆಟಗಾರ.

1991ರ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ಮೈಕೆಲ್ ಜೋರ್ಡಾನ್ ಇದ್ದ ಚಿಕಾಗೊ ಬುಲ್ಸ್ ತಂಡ ಲಾಸ್ ಏಂಜಲೀಸ್ ಲೇಕರ್ಸ್ ತಂಡವನ್ನು ಸೋಲಿಸಿತು. ಅಲ್ಲಿ ಆಡಿದ ದಿನಗಳಿಗೆ ಬುಲ್ಸ್ ಆಟಗಾರರು ಟ್ಯಾಕ್ಸ್ ಕಟ್ಟಬೇಕು ಅಂತ ಕ್ಯಾಲಿಫೋರ್ನಿಯಾ ಕೇಳಿತು. ಇಲಿನಾಯ್ ಸುಮ್ಮನಿರಲಿಲ್ಲ. ನಮ್ಮ ಆಟಗಾರರ ಮೇಲೆ ಯಾವ ರಾಜ್ಯ ಟ್ಯಾಕ್ಸ್ ಹಾಕುತ್ತದೋ ಆ ರಾಜ್ಯದ ಆಟಗಾರರ ಮೇಲೆ ನಾವೂ ಹಾಕುತ್ತೇವೆ ಅಂತ ಕಾನೂನು ಮಾಡಿತು. ಅದಕ್ಕೆ ಜನ ಇಟ್ಟ ಹೆಸರು ಜೋರ್ಡಾನ್ ಸೇಡು. ಆಮೇಲೆ ಒಂದೊಂದೇ ರಾಜ್ಯ ಇದೇ ದಾರಿ ಹಿಡಿಯಿತು.

ಲೆಕ್ಕ ಹಾಕುವುದು ಡ್ಯೂಟಿ ದಿನಗಳ ಮೇಲೆ. ತರಬೇತಿ ಶಿಬಿರ ಶುರುವಾದಾಗಿನಿಂದ ಸೀಸನ್ ಮುಗಿಯುವವರೆಗೆ ಒಬ್ಬ ಆಟಗಾರ 200 ದಿನ ಕೆಲಸ ಮಾಡಿದ ಅಂತಿಟ್ಟುಕೊಳ್ಳಿ. ಪ್ರಾಕ್ಟೀಸ್ ದಿನವೂ ಅದರಲ್ಲಿ ಸೇರುತ್ತದೆ. ಸಂಬಳ 2 ಕೋಟಿ ಡಾಲರ್. ಅಂದರೆ ದಿನಕ್ಕೆ 1 ಲಕ್ಷ. ಅವನು ಮಯಾಮಿ ತಂಡದವನು, ಫ್ಲೋರಿಡಾದಲ್ಲೇ ಮನೆ. ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ಎನ್‌ಬಿಎ ತಂಡಗಳಿವೆ. ಅವುಗಳ ಜೊತೆ ಆಡಲು ಸೀಸನ್‌ನಲ್ಲಿ ಆರು ದಿನ ಅಲ್ಲಿ ಕಳೆದರೆ 6 ಲಕ್ಷ ಡಾಲರ್ ಕ್ಯಾಲಿಫೋರ್ನಿಯಾದ ಸಂಪಾದನೆ ಆಯಿತು. ಟ್ಯಾಕ್ಸ್ 75 ಸಾವಿರ ಡಾಲರ್ ದಾಟುತ್ತದೆ, ಬರೀ ಆರು ದಿನಕ್ಕೆ. ಹೀಗೆ ನ್ಯೂಯಾರ್ಕ್, ಮಿನೆಸೋಟ, ಇಲಿನಾಯ್... ಹೋದಲ್ಲೆಲ್ಲ ಒಂದೊಂದು ರಿಟರ್ನ್. ಅವನ ಅಕೌಂಟೆಂಟ್ ವರ್ಷಕ್ಕೆ ಹನ್ನೆರಡು ಹದಿನೈದು ರಾಜ್ಯಗಳ ರಿಟರ್ನ್ ತುಂಬುತ್ತಾನೆ.

ಆದರೂ ಮಯಾಮಿಯವನಿಗೆ ಲಾಭ ಇದೆ. ತವರಿನಲ್ಲಿ ಆಡುವ 41 ಪಂದ್ಯ, ಪ್ರಾಕ್ಟೀಸ್ ದಿನಗಳು, ಟೆಕ್ಸಸ್‌ಗೆ ಹೋಗಿ ಆಡುವ ದಿನಗಳು, ಇದಕ್ಕೆಲ್ಲ ರಾಜ್ಯದ ಟ್ಯಾಕ್ಸ್ ಇಲ್ಲ. ಅದೇ ಲೇಕರ್ಸ್ ಆಟಗಾರ ಫ್ಲೋರಿಡಾದಲ್ಲಿ ಬಂಗಲೆ ಕಟ್ಟಿಸಿ, ಅಲ್ಲಿನ ವೋಟರ್ ಕಾರ್ಡ್ ಮಾಡಿಸಿದರೂ ಅವನ ಡ್ಯೂಟಿ ದಿನಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಯಾಲಿಫೋರ್ನಿಯಾದಲ್ಲೇ ಕಳೆಯುತ್ತವೆ. ಆ ಭಾಗ ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ ತಂಡದ ಆಟಗಾರನಿಗೆ ಯಾವ ತಂಡ ಅನ್ನುವುದು ಮುಖ್ಯ, ಮನೆ ಎಲ್ಲಿ ಅನ್ನುವುದು ಆಮೇಲಿನ ಮಾತು.

ಗಾಲ್ಫ್, ಟೆನಿಸ್ ಆಡುವವರ ಕಥೆ ಬೇರೆ. ಅವರಿಗೆ ತವರು ಮೈದಾನ ಅಂತ ಇಲ್ಲ. ಪಂದ್ಯದ ಬಹುಮಾನ ಆಯಾ ರಾಜ್ಯಕ್ಕೆ ಸೇರಿದರೂ, ಹೆಸರು ಮತ್ತು ಮುಖಕ್ಕೆ ಬ್ರ್ಯಾಂಡ್‌ಗಳು ಕೊಡುವ ದುಡ್ಡು ಸಾಮಾನ್ಯವಾಗಿ ವಾಸದ ರಾಜ್ಯದ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಹೆಸರಿನವರಿಗೆ ಬಹುಮಾನಕ್ಕಿಂತ ಅದೇ ಜಾಸ್ತಿ. ಟೈಗರ್ ವುಡ್ಸ್ 1996ರಲ್ಲಿ ಪ್ರೊಫೆಷನಲ್ ಆದ ಕೂಡಲೇ ಹುಟ್ಟೂರಿನ ಕ್ಯಾಲಿಫೋರ್ನಿಯಾ ಬಿಟ್ಟು ಫ್ಲೋರಿಡಾಕ್ಕೆ ಹೋದರು, ಟ್ಯಾಕ್ಸ್ ಕಾರಣಕ್ಕೇ ಹೋದದ್ದು ಅಂತ 2013ರಲ್ಲಿ ಅವರೇ ಹೇಳಿದರು. ಅವರ ಮಟ್ಟಿಗೆ ಅದು ಸರಿಯಾದ ಲೆಕ್ಕ.

ಒಪ್ಪಂದಕ್ಕೆ ಸಹಿ ಹಾಕಿದ್ದಕ್ಕೆ ಕೊಡುವ ಸೈನಿಂಗ್ ಬೋನಸ್ ಕೂಡ ಹಾಗೇ. ಆಡಲಿ ಬಿಡಲಿ ಕೊಡಲೇಬೇಕು, ವಾಪಸ್ ಕೇಳುವ ಹಾಗಿಲ್ಲ, ಸಂಬಳದಿಂದ ಬೇರೆಯಾಗಿ ಕೊಡಬೇಕು ಅಂತ ಒಪ್ಪಂದದಲ್ಲಿ ಬರೆದಿದ್ದರೆ ಹಲವು ರಾಜ್ಯಗಳು ಅದನ್ನು ಡ್ಯೂಟಿ ದಿನದ ಲೆಕ್ಕಕ್ಕೆ ಸೇರಿಸುವುದಿಲ್ಲ. ಫ್ಲೋರಿಡಾದಲ್ಲಿ ಮನೆ ಇರುವವನು ಸಂಬಳ ಕಮ್ಮಿ ಮಾಡಿ ಬೋನಸ್ ಜಾಸ್ತಿ ಕೇಳುವುದು ಇದಕ್ಕೇ.

ಟ್ಯಾಕ್ಸ್ ಇಲ್ಲದ ರಾಜ್ಯದ ತಂಡಗಳೇ ಗೆಲ್ಲುತ್ತವೆ ಅನ್ನುವ ಮಾತು ಐಸ್ ಹಾಕಿಯಲ್ಲಿ ಜೋರಾಗಿದೆ. ಅಲ್ಲಿ ಪ್ರತಿ ತಂಡವೂ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕು ಅಂತ ಮಿತಿ ಇದೆ. ಕೈಗೆ ಜಾಸ್ತಿ ಸಿಗುವ ಊರಲ್ಲಿ ಆಟಗಾರ ಸ್ವಲ್ಪ ಕಮ್ಮಿಗೂ ಒಪ್ಪಿಕೊಳ್ಳುತ್ತಾನೆ ಅನ್ನುವುದು ವಾದ. ಅಲ್ಲಿನ ದೊಡ್ಡ ಪ್ರಶಸ್ತಿ ಸ್ಟಾನ್ಲಿ ಕಪ್. 2020ರಿಂದ 2025ರವರೆಗಿನ ಆರು ಕಪ್‌ಗಳಲ್ಲಿ ಐದನ್ನು ಗೆದ್ದದ್ದು ಟ್ಯಾಂಪಾ ಬೇ, ವೇಗಸ್ ಮತ್ತು ಫ್ಲೋರಿಡಾ ತಂಡಗಳೇ, ಮೂರೂ ಟ್ಯಾಕ್ಸ್ ಇಲ್ಲದ ರಾಜ್ಯಗಳವು. 2022ರಲ್ಲಿ ಮಾತ್ರ ಕೊಲರಾಡೊ. ಆದರೆ ಅದೇ ಫ್ಲೋರಿಡಾ ಪ್ಯಾಂಥರ್ಸ್ 2001ರಿಂದ 2011ರವರೆಗೆ ಒಂದು ಸಲವೂ ಪ್ಲೇಆಫ್‌ನ ಮುಖ ನೋಡಲಿಲ್ಲ. ಆಗಲೂ ಫ್ಲೋರಿಡಾದಲ್ಲಿ ಟ್ಯಾಕ್ಸ್ ಇರಲಿಲ್ಲ. ಟ್ಯಾಕ್ಸ್ ಒಂದು ಕೈ ಸಹಾಯ ಮಾಡಬಹುದು, ತಂಡ ಕಟ್ಟಿಕೊಡುವುದಿಲ್ಲ.

ಇನ್ನು "ಟ್ಯಾಕ್ಸ್ ಇಲ್ಲ" ಅಂದ ಮಾತ್ರಕ್ಕೆ ನಂಬುವ ಹಾಗೂ ಇಲ್ಲ. ಟೆನೆಸೀಯಲ್ಲಿ ಸಂಬಳಕ್ಕೆ ಟ್ಯಾಕ್ಸ್ ಇರಲಿಲ್ಲ, ಆದರೆ ಬ್ಯಾಸ್ಕೆಟ್‌ಬಾಲ್ ಮತ್ತು ಹಾಕಿ ಆಟಗಾರರಿಂದ ಪಂದ್ಯಕ್ಕೆ 2,500 ಡಾಲರ್‌ನಂತೆ ವರ್ಷಕ್ಕೆ ಮೂರು ಪಂದ್ಯದವರೆಗೆ ವಸೂಲಿ ಮಾಡುತ್ತಿದ್ದರು. ಕೋಟಿ ಗಳಿಸುವವನಿಗೂ ಅಷ್ಟೇ, ಕನಿಷ್ಠ ಸಂಬಳದ ಹುಡುಗನಿಗೂ ಅಷ್ಟೇ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ. 2014ರಲ್ಲಿ ಅದನ್ನು ತೆಗೆಯಲು ಕಾನೂನು ಮಾಡಿದರು. ಕ್ಲೀವ್‌ಲ್ಯಾಂಡ್ ನಗರ ಡ್ಯೂಟಿ ದಿನ ಬಿಟ್ಟು ಪಂದ್ಯಗಳ ಲೆಕ್ಕದ ಮೇಲೆ ಟ್ಯಾಕ್ಸ್ ಹಾಕುತ್ತಿತ್ತು. ಜೆಫ್ ಸ್ಯಾಟರ್ಡೇ ಅನ್ನುವ ಅಮೆರಿಕನ್ ಫುಟ್‌ಬಾಲ್ ಆಟಗಾರ ಗಾಯವಾಗಿ ಅಲ್ಲಿನ ಪಂದ್ಯಕ್ಕೆ ಆ ಊರಿಗೇ ಹೋಗಿರಲಿಲ್ಲ, ಆದರೂ ಟ್ಯಾಕ್ಸ್ ಹಿಡಿದಿದ್ದರು. 2015ರಲ್ಲಿ ಒಹಾಯೊ ಸುಪ್ರೀಂ ಕೋರ್ಟ್ ಅದು ತಪ್ಪು ಅಂತ ಹೇಳಿತು. ಪಿಟ್ಸ್‌ಬರ್ಗ್ ನಗರ ಹೊರಗಿನ ಆಟಗಾರರ ಮೇಲೆ ಹಾಕುತ್ತಿದ್ದ 3 ಪರ್ಸೆಂಟ್ ಶುಲ್ಕವನ್ನು 2025ರಲ್ಲಿ ಪೆನ್ಸಿಲ್ವೇನಿಯಾ ಸುಪ್ರೀಂ ಕೋರ್ಟ್ ರದ್ದು ಮಾಡಿತು.

ಆಟಗಾರ ಮತ್ತು ರಿಟೈರ್ ಆದವರು ಒಂದೇ ಸಾಲಿಗೆ ಬರುವ ಜಾಗ

ಅದು 1996ರ ಒಂದು ಫೆಡರಲ್ ಕಾನೂನು. ಅದಕ್ಕೂ ಮುಂಚೆ ಕ್ಯಾಲಿಫೋರ್ನಿಯಾದಂಥ ರಾಜ್ಯಗಳು, ನೀನು ದುಡಿದದ್ದು ನಮ್ಮಲ್ಲಿ ಅಂತ, ನೆವಾಡಾಕ್ಕೆ ಹೋಗಿ ನೆಲೆಸಿದ ಮುದುಕರ ಪೆನ್ಷನ್‌ಗೂ ಟ್ಯಾಕ್ಸ್ ಕೇಳುತ್ತಿದ್ದವು. ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಅದನ್ನು ನಿಲ್ಲಿಸಿತು. ಪೆನ್ಷನ್, 401(ಕೆ) ಅನ್ನುವ ಕಂಪನಿ ಮೂಲಕದ ನಿವೃತ್ತಿ ಖಾತೆ, ಐಆರ್‌ಎ ಇವುಗಳಿಂದ ಬರುವ ದುಡ್ಡಿಗೆ ಈಗ ವಾಸವಿರುವ ರಾಜ್ಯ ಮಾತ್ರ ಟ್ಯಾಕ್ಸ್ ಹಾಕಬಹುದು. ಮುಂದೂಡಿದ ಸಂಬಳಕ್ಕೂ ಇದು ಅನ್ವಯಿಸುತ್ತದೆ, ಕನಿಷ್ಠ ಹತ್ತು ವರ್ಷ ಸಮನಾದ ಕಂತುಗಳಲ್ಲಿ ಕೊಟ್ಟರೆ.

ಆ ಹತ್ತು ವರ್ಷ ಅನ್ನುವುದನ್ನು ನೆನಪಿಟ್ಟುಕೊಂಡು ಶೋಹೇ ಒಟಾನಿಯ ಒಪ್ಪಂದ ನೋಡಿ. 2023ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ಡಾಜರ್ಸ್ ಬೇಸ್‌ಬಾಲ್ ತಂಡದ ಜೊತೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್. ಆದರೆ ಆಡುವ ವರ್ಷಗಳಲ್ಲಿ ಕೈಗೆ ಬರುವುದು ವರ್ಷಕ್ಕೆ 20 ಲಕ್ಷ ಮಾತ್ರ. ಉಳಿದ 68 ಕೋಟಿ 2034ರಿಂದ 2043ರವರೆಗೆ, ವರ್ಷಕ್ಕೆ 6.8 ಕೋಟಿಯಂತೆ. ಸರಿಯಾಗಿ ಹತ್ತು ಕಂತು. ಆ ಹೊತ್ತಿಗೆ ಅವರು ಕ್ಯಾಲಿಫೋರ್ನಿಯಾದಲ್ಲಿ ಇರದಿದ್ದರೆ ರಾಜ್ಯಕ್ಕೆ ವರ್ಷಕ್ಕೆ 90 ಲಕ್ಷ ಡಾಲರ್ ಆಸುಪಾಸು ಬರದೇ ಹೋಗುತ್ತದೆ. ರಾಜ್ಯದ ಹಣಕಾಸು ಅಧಿಕಾರಿ (ಕಂಟ್ರೋಲರ್) ಮಲಿಯಾ ಕೋಹೆನ್ 2024ರ ಜನವರಿಯಲ್ಲೇ ಕಾಂಗ್ರೆಸ್ ಈ ಕಾನೂನು ಬದಲಿಸಬೇಕು ಅಂತ ಕೇಳಿದರು. ಒಟಾನಿಗೆ ಸಿಕ್ಕ ಅದೇ ರಕ್ಷಣೆ ನಮ್ಮ ಭಾವನ ಐಆರ್‌ಎಗೂ ಇದೆ. ನನಗೆ ಈ ಕಾನೂನು ಬಹಳ ಇಷ್ಟ. ಜೀವನವಿಡೀ ದುಡಿದವರು ಕೊನೆಗಾಲದಲ್ಲಿ ಮಕ್ಕಳಿರುವ ಊರಿಗೆ ಹೋದರೆ ಹಳೆ ರಾಜ್ಯ ಹಿಂದೆ ಬಂದು ಕೈ ಚಾಚಬಾರದು.

ಆದರೆ ಎರಡು ವಿಷಯಕ್ಕೆ ಈ ರಕ್ಷಣೆ ಇಲ್ಲ. ಒಂದು, ಕಂಪನಿ ಕೊಟ್ಟ ಆರ್‌ಎಸ್‌ಯು, ಅಂದರೆ ಸ್ವಲ್ಪ ಕಾಲದ ಮೇಲೆ ಕೈಗೆ ಬರುವ ಷೇರು. ಅದನ್ನು ಕೊಟ್ಟ ದಿನದಿಂದ ಕೈಗೆ ಬರುವ ದಿನದವರೆಗೆ ಎಷ್ಟು ದಿನ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡಿದ್ದೀರೋ ಅಷ್ಟು ಪಾಲು ಕ್ಯಾಲಿಫೋರ್ನಿಯಾದ್ದು, ನೀವು ಆಗ ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದರೂ ಸರಿ. ಆಟಗಾರನ ಡ್ಯೂಟಿ ದಿನವೇ ಇದು, ಬೇರೆ ಹೆಸರಲ್ಲಿ. ಎರಡನೆಯದು ಮನೆ, ಜಮೀನು. ಅದು ಇರುವ ರಾಜ್ಯ ಟ್ಯಾಕ್ಸ್ ಹಾಕಿಯೇ ಹಾಕುತ್ತದೆ.

ಮನೆ ಮಾರುವ ಲೆಕ್ಕ

ಅಕ್ಕ ಭಾವ ಆ ಮನೆಯನ್ನು 1998ರಲ್ಲಿ 4 ಲಕ್ಷ ಡಾಲರ್‌ಗೆ ತಗೊಂಡಿದ್ದರು. ಈಗ 20 ಲಕ್ಷ. ಲಾಭ 16 ಲಕ್ಷ. ದಂಪತಿಗೆ ಸಿಗುವ 5 ಲಕ್ಷದ ವಿನಾಯಿತಿ ಕಳೆದರೆ 11 ಲಕ್ಷ ಉಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಲಾಭಕ್ಕೂ ಸಂಬಳಕ್ಕೂ ಒಂದೇ ದರ. ರಾಜ್ಯದ ಟ್ಯಾಕ್ಸ್ ಒಂದು ಲಕ್ಷ ಡಾಲರ್ ದಾಟುತ್ತದೆ, ಫೆಡರಲ್ ಬೇರೆ. ಟೆಕ್ಸಸ್‌ಗೆ ಹೋದ ಮೇಲೆ ಮಾರಿದರೂ ಇದು ತಪ್ಪುವುದಿಲ್ಲ. ವರ್ಷಕ್ಕೆ 1,300 ಉಳಿಸಲು ಒಂದು ಲಕ್ಷ ಕೊಟ್ಟು ಹೋಗುವುದು ಅಂದರೆ ಸುಮಾರು ಎಪ್ಪತ್ತೇಳು ವರ್ಷ ಬೇಕು ಅದು ಹುಟ್ಟಲು.

ಇನ್ನೊಂದು ವಿಷಯವನ್ನು ಮನೆಯಲ್ಲಿ ಹೇಳಲು ಬಾಯಿ ಬರುವುದಿಲ್ಲ, ಆದರೂ ಹೇಳಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ಮದುವೆಯಾದ ಮೇಲೆ ಗಳಿಸಿದ ಆಸ್ತಿ ಇಬ್ಬರದ್ದೂ. ಗಂಡ ಹೆಂಡಿರಲ್ಲಿ ಒಬ್ಬರು ತೀರಿಕೊಂಡರೆ ಇಡೀ ಮನೆಯ ಮೂಲ ಬೆಲೆ ಆ ದಿನದ ಬೆಲೆಗೆ ಏರುತ್ತದೆ. ಉಳಿದವರು ಆಮೇಲೆ ಮಾರಿದರೆ ಹಳೆ ಲಾಭಕ್ಕೆ ಟ್ಯಾಕ್ಸೇ ಇಲ್ಲ. ಟೆಕ್ಸಸ್, ನೆವಾಡಾ, ಅರಿಜೋನ, ವಾಷಿಂಗ್ಟನ್‌ಗಳಲ್ಲೂ ಈ ನಿಯಮವಿದೆ. ಆತುರದಲ್ಲಿ ಮಾರಿ ಹೊರಟವರು ಇದನ್ನು ಕಳೆದುಕೊಳ್ಳುತ್ತಾರೆ.

ಪ್ರಾಪರ್ಟಿ ಟ್ಯಾಕ್ಸ್‌ನಲ್ಲೂ ಹಳಬರಿಗೆ ಕ್ಯಾಲಿಫೋರ್ನಿಯಾ ಅಷ್ಟು ಕೆಟ್ಟದ್ದಲ್ಲ. ಜನರೇ ವೋಟು ಹಾಕಿ ತಂದ 1978ರ ಕಾನೂನು, ಪ್ರಾಪೊಸಿಷನ್ 13ರ ಪ್ರಕಾರ ಮನೆಯ ತೆರಿಗೆ ಬೆಲೆಯನ್ನು ಕೊಂಡ ಬೆಲೆಯ ಮೇಲೆ ವರ್ಷಕ್ಕೆ 2 ಪರ್ಸೆಂಟ್‌ಗಿಂತ ಜಾಸ್ತಿ ಏರಿಸುವ ಹಾಗಿಲ್ಲ. 20 ಲಕ್ಷದ ಮನೆಗೆ ಅಕ್ಕ ಕಟ್ಟುವುದು 8 ಸಾವಿರದೊಳಗೆ. 55 ದಾಟಿದವರು ರಾಜ್ಯದೊಳಗೇ ಚಿಕ್ಕ ಮನೆಗೆ ಹೋದರೆ ಹಳೆ ಮನೆಯ ಟ್ಯಾಕ್ಸ್ ಮಟ್ಟವನ್ನು ಜೊತೆಗೆ ಒಯ್ಯಬಹುದು, ಪ್ರಾಪೊಸಿಷನ್ 19 ಆ ಅವಕಾಶವನ್ನು ಮೂರು ಸಲ ಕೊಡುತ್ತದೆ.

ಹಾಗಾದರೆ ಯಾವ ರಾಜ್ಯ?

ಟೆಕ್ಸಸ್‌ಗೆ ನಮ್ಮವರ ಒಲವು ಜಾಸ್ತಿ. ಡಲ್ಲಾಸ್ ಸುತ್ತ ಪ್ಲೇನೋ, ಫ್ರಿಸ್ಕೋದಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರು ಸ್ಥಾಪಿಸಿದ ಕಾರ್ಯಸಿದ್ಧಿ ಹನುಮಂತನ ದೇವಸ್ಥಾನ ಫ್ರಿಸ್ಕೋದಲ್ಲಿದೆ. ಇನ್‌ಕಮ್ ಟ್ಯಾಕ್ಸ್ ಹಾಕಬಾರದು ಅಂತ 2019ರಲ್ಲಿ ಅಲ್ಲಿನ ಸಂವಿಧಾನಕ್ಕೇ ಸೇರಿಸಿದರು. ಆದರೆ ಪ್ರಾಪರ್ಟಿ ಟ್ಯಾಕ್ಸ್ ಕಟುವಾಗಿದೆ. 5 ಲಕ್ಷದ ಮನೆಗೆ ಊರು, ಸ್ಕೂಲ್ ಡಿಸ್ಟ್ರಿಕ್ಟ್ ನೋಡಿಕೊಂಡು 6ರಿಂದ 8 ಸಾವಿರ ಡಾಲರ್ ಬರುವುದು ಸಹಜ. 65 ದಾಟಿದವರಿಗೆ ಶಾಲೆಯ ಪಾಲಿನ ಟ್ಯಾಕ್ಸ್‌ಗೆ ಮಿತಿ ಕಟ್ಟುತ್ತಾರೆ, ಅದು ಒಳ್ಳೆಯದು. ಅರ್ಜಿ ಹಾಕಿದರೆ ಮಾತ್ರ ಸಿಗುತ್ತದೆ. ಮರೆತವರನ್ನು ನೋಡಿದ್ದೇನೆ.

ಫ್ಲೋರಿಡಾದಲ್ಲಿ ವಾಸದ ಮನೆಯ ತೆರಿಗೆ ಬೆಲೆ ವರ್ಷಕ್ಕೆ 3 ಪರ್ಸೆಂಟ್‌ಗಿಂತ ಜಾಸ್ತಿ ಏರುವುದಿಲ್ಲ, ಪಿತ್ರಾರ್ಜಿತದ ಮೇಲೂ ಟ್ಯಾಕ್ಸ್ ಇಲ್ಲ. ಅಲ್ಲಿ ಕಾಡುವುದು ಚಂಡಮಾರುತ ಮತ್ತು ಇನ್ಶೂರೆನ್ಸ್. ಕರಾವಳಿಗೆ ಹತ್ತಿರ ಮನೆ ಕೊಳ್ಳುವವರು ಮೊದಲು ಇನ್ಶೂರೆನ್ಸ್ ಕೋಟ್ ತರಿಸಿ, ಆಮೇಲೆ ಮನೆ ನೋಡಿ. ಪ್ರವಾಹದ ಇನ್ಶೂರೆನ್ಸ್ ಬೇರೆಯೇ ತಗೋಬೇಕು. ಅಪಾರ್ಟ್‌ಮೆಂಟ್ ಆದರೆ ಇನ್ನೂ ಹುಷಾರು. 2021ರಲ್ಲಿ ಸರ್ಫ್‌ಸೈಡ್‌ನ ಕಟ್ಟಡ ಕುಸಿದ ಮೇಲೆ ಮೂರು ಮಹಡಿ ಮತ್ತು ಮೇಲಿನ ಹಳೆ ಕಟ್ಟಡಗಳು ತಪಾಸಣೆ ಮಾಡಿಸಿ ರಿಪೇರಿಗೆ ನಿಧಿ ಇಡಬೇಕು ಅಂತ ಕಾನೂನಾಗಿದೆ. ಮನುಷ್ಯರ ಜೀವ ಉಳಿಸುವ ಕಾನೂನು ಅದು, ಬೇಕೇ ಬೇಕು. ಆದರೆ ಆ ಬಿಲ್ ನಿವಾಸಿಗಳ ಮೇಲೇ ಬೀಳುತ್ತದೆ. ಕೊಳ್ಳುವ ಮುಂಚೆ ಸಂಘದ ಲೆಕ್ಕಪುಸ್ತಕ ಕೇಳಿ ನೋಡಿ.

ವಾಷಿಂಗ್ಟನ್ ರಾಜ್ಯದಲ್ಲಿ ಸಂಬಳಕ್ಕೆ ಟ್ಯಾಕ್ಸ್ ಇಲ್ಲ ಅಂತ ಬೆಲ್‌ವ್ಯೂ, ರೆಡ್ಮಂಡ್‌ನ ನಮ್ಮವರು ನೆಮ್ಮದಿಯಾಗಿರುತ್ತಾರೆ. ಆದರೆ ಷೇರು ಮಾರಿದ ದೀರ್ಘಾವಧಿ ಲಾಭ 2025ರಲ್ಲಿ 2,78,000 ಡಾಲರ್ ದಾಟಿದರೆ 7 ಪರ್ಸೆಂಟ್, 10 ಲಕ್ಷ ದಾಟಿದ ಲಾಭಕ್ಕೆ 9.9. ತೀರಿಕೊಂಡ ಮೇಲೆ ಬಿಟ್ಟುಹೋದ ಆಸ್ತಿ 30 ಲಕ್ಷಕ್ಕಿಂತ ಜಾಸ್ತಿ ಇದ್ದರೆ ಎಸ್ಟೇಟ್ ಟ್ಯಾಕ್ಸ್, 2025ರ ಜುಲೈನಲ್ಲಿ ಅದರ ಗರಿಷ್ಠ ದರವನ್ನು 35 ಪರ್ಸೆಂಟ್‌ಗೆ ಏರಿಸಿದರು. ಮನೆ, 401(ಕೆ), ಕಂಪನಿ ಷೇರು ಸೇರಿದರೆ 30 ಲಕ್ಷ ಅಲ್ಲಿ ದೊಡ್ಡ ಮಾತಲ್ಲ. ರಿಟೈರ್ ಆದವರಿಗೆ ನಾನು ವಾಷಿಂಗ್ಟನ್ನನ್ನು ಟ್ಯಾಕ್ಸ್ ಇಲ್ಲದ ರಾಜ್ಯ ಅಂತ ಹೇಳುವುದೇ ಇಲ್ಲ.

ಯಾರೂ ಗಮನಿಸದ ಎರಡು ರಾಜ್ಯಗಳಿವೆ, ಪೆನ್ಸಿಲ್ವೇನಿಯಾ ಮತ್ತು ಇಲಿನಾಯ್. ಪೆನ್ಸಿಲ್ವೇನಿಯಾದಲ್ಲಿ ಸಂಬಳಕ್ಕೆ 3.07, ಇಲಿನಾಯ್‌ನಲ್ಲಿ 4.95 ಪರ್ಸೆಂಟ್. ಆದರೆ ನಿವೃತ್ತರ ಪೆನ್ಷನ್, 401(ಕೆ), ಐಆರ್‌ಎ, ಸೋಷಿಯಲ್ ಸೆಕ್ಯುರಿಟಿ ಯಾವುದಕ್ಕೂ ಇವು ಟ್ಯಾಕ್ಸ್ ಹಾಕುವುದಿಲ್ಲ. ಚಿಕಾಗೊಗೆ ಬಂದು ಒಂದು ಪಂದ್ಯ ಆಡಿದವನಿಂದ ವಸೂಲಿ ಮಾಡುವ ರಾಜ್ಯವೇ ನೇಪರ್‌ವಿಲ್‌ನ ನಿವೃತ್ತ ಮೇಷ್ಟ್ರ ಪೆನ್ಷನ್ ಬಿಟ್ಟುಬಿಡುತ್ತದೆ. ಇಲಿನಾಯ್‌ನಲ್ಲಿ ಪ್ರಾಪರ್ಟಿ ಟ್ಯಾಕ್ಸ್ ವಿಪರೀತ, ಆಸ್ತಿ 40 ಲಕ್ಷ ದಾಟಿದರೆ ಎಸ್ಟೇಟ್ ಟ್ಯಾಕ್ಸ್. ಪೆನ್ಸಿಲ್ವೇನಿಯಾದಲ್ಲಿ ಮಕ್ಕಳಿಗೆ ಹೋಗುವ ಆಸ್ತಿಗೆ 4.5 ಪರ್ಸೆಂಟ್. ನ್ಯೂಜೆರ್ಸಿಯಲ್ಲಿ ಸರಾಸರಿ ಪ್ರಾಪರ್ಟಿ ಟ್ಯಾಕ್ಸೇ ವರ್ಷಕ್ಕೆ 10 ಸಾವಿರ ಡಾಲರ್ ದಾಟಿದೆ. ಎಡಿಸನ್ ಬಿಟ್ಟು ನದಿ ದಾಟಿ ಪೆನ್ಸಿಲ್ವೇನಿಯಾಗೆ ಹೋದರೆ ಮೊಮ್ಮಕ್ಕಳನ್ನು ನೋಡಲು ಕಾರಿನಲ್ಲೇ ಹೋಗಿಬರಬಹುದು. ಫ್ಲೋರಿಡಾಕ್ಕೆ ಹಾರುವ ಮುಂಚೆ ಇದನ್ನೊಮ್ಮೆ ಯೋಚಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಅರಿಜೋನದ 2.5 ಪರ್ಸೆಂಟ್, ನಾರ್ತ್ ಕೆರೊಲಿನಾದಲ್ಲಿ 2025ರಲ್ಲಿದ್ದ 4.25, ಇವೂ ಸಾಧಾರಣ ಪೆನ್ಷನ್ ಇರುವವರಿಗೆ ಭಾರವಾಗುವ ದರಗಳಲ್ಲ.

ಊರಿಗೇ ವಾಪಸ್ ಹೋಗುವವರಿಗೆ ಒಂದೇ ಮಾತು. ಅಮೆರಿಕ ಕೊಡುವ ಸೋಷಿಯಲ್ ಸೆಕ್ಯುರಿಟಿಗೆ ಎರಡು ದೇಶಗಳ ಒಪ್ಪಂದದ ಪ್ರಕಾರ ಭಾರತದಲ್ಲಿ ಟ್ಯಾಕ್ಸ್ ಇಲ್ಲ. ಆದರೆ ಕ್ಯಾಲಿಫೋರ್ನಿಯಾ ಆ ಒಪ್ಪಂದಕ್ಕೆ ಬದ್ಧವಾಗಿಲ್ಲ. ಮನೆ, ಕಾರು, ಲೈಸೆನ್ಸ್ ಎಲ್ಲ ಅಲ್ಲೇ ಬಿಟ್ಟು, ಮುಂದೆ ಬರುತ್ತೇವೆ ಅಂತ ಮೈಸೂರಿಗೆ ಹೋದರೆ ಅದು ನಿಮ್ಮನ್ನು ಇನ್ನೂ ತನ್ನವರೇ ಅನ್ನಬಹುದು.

ಹೋದರೆ ಪೂರ್ತಿ ಹೋಗಿ

ಎರಡು ದೋಣಿಯಲ್ಲಿ ಕಾಲಿಟ್ಟವರೇ ಆಡಿಟ್‌ಗೆ ಸಿಕ್ಕಿಬೀಳುವುದು. ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡದ ಡೆರೆಕ್ ಜೀಟರ್, ತನ್ನ ಮನೆ ಫ್ಲೋರಿಡಾದ ಟ್ಯಾಂಪಾ ಅಂತ ಹೇಳುತ್ತಿದ್ದರು. ಮ್ಯಾನ್‌ಹಾಟನ್‌ನಲ್ಲೂ ಒಂದು ಅಪಾರ್ಟ್‌ಮೆಂಟ್ ಇತ್ತು. 2001ರಿಂದ 2003ರ ಟ್ಯಾಕ್ಸ್ ಬಗ್ಗೆ ನ್ಯೂಯಾರ್ಕ್ ತಗಾದೆ ತೆಗೆಯಿತು, 2008ರಲ್ಲಿ ರಾಜಿಯಾಯಿತು. ನ್ಯೂಯಾರ್ಕ್‌ನಲ್ಲಿ ಮನೆ ಇಟ್ಟುಕೊಂಡು ವರ್ಷಕ್ಕೆ 183 ದಿನಕ್ಕಿಂತ ಜಾಸ್ತಿ ಇದ್ದರೆ ನೀವು ಅಲ್ಲಿಯವರೇ. ಅರ್ಧ ದಿನ ಇದ್ದರೂ ಒಂದು ದಿನ. ಅಷ್ಟೇ ಅಲ್ಲ, ಮನಸ್ಸಿಗೆ ಹತ್ತಿರದ ವಸ್ತುಗಳು ಯಾವ ಮನೆಯಲ್ಲಿವೆ ಅಂತಲೂ ನೋಡುತ್ತಾರೆ. ನಮ್ಮ ಲೆಕ್ಕದಲ್ಲಿ ದೇವರ ಮನೆ, ಅಜ್ಜಿಯ ಬೆಳ್ಳಿ ದೀಪ, ಮದುವೆ ಆಲ್ಬಮ್. ಕ್ಯಾಲಿಫೋರ್ನಿಯಾದಲ್ಲಿ ಡಾಕ್ಟರ್ ಯಾರು, ಬ್ಯಾಂಕ್ ಎಲ್ಲಿ, ಹೆಂಡತಿ ಮಕ್ಕಳು ಎಲ್ಲಿ ಅಂತ ಎಲ್ಲವನ್ನೂ ತೂಗುತ್ತಾರೆ. ಹೊರಟ ವರ್ಷ ಅಲ್ಲಿದ್ದಷ್ಟು ದಿನದ ರಿಟರ್ನ್ ತಪ್ಪದೇ ಹಾಕಿ. ಹಾಕಿದರೆ ಸಾಮಾನ್ಯವಾಗಿ ನಾಲ್ಕು ವರ್ಷದ ಮೇಲೆ ಆ ವರ್ಷವನ್ನು ಕೆದಕುವ ಹಾಗಿಲ್ಲ. ಹಾಕದಿದ್ದರೆ ಎಷ್ಟು ವರ್ಷ ಬಿಟ್ಟಾದರೂ ಕೇಳಬಹುದು.

ಯಾರು ಹೋಗಬೇಕು ಅನ್ನುವುದಕ್ಕೆ ಅಕ್ಕನ ಮನೆಯ ಎರಡು ಬೀದಿ ಆಚೆಯ ಗೆಳೆಯರ ಉದಾಹರಣೆ ಇದೆ. ಅವರದ್ದು ಬಾಡಿಗೆ ಮನೆ. ಆದರೆ ದಶಕಗಳಿಂದ ಇಟ್ಟುಕೊಂಡ ಕಂಪನಿ ಷೇರಿನಲ್ಲಿ 50 ಲಕ್ಷ ಡಾಲರ್ ಲಾಭ ಕೂತಿತ್ತು. ಕ್ಯಾಲಿಫೋರ್ನಿಯಾದಲ್ಲಿದ್ದು ಒಂದೇ ವರ್ಷ ಮಾರಿದರೆ ರಾಜ್ಯಕ್ಕೆ 6 ಲಕ್ಷ ಡಾಲರ್ ಮೇಲೆ. ಷೇರಿನ ಲಾಭ ವಾಸದ ರಾಜ್ಯಕ್ಕೆ ಸೇರುವುದರಿಂದ ಮೊದಲು ಹೋಗಿ ಆಮೇಲೆ ಮಾರಿದರೆ ಅಷ್ಟೂ ಉಳಿಯುತ್ತದೆ. ಮಗಳೂ ಪ್ಲೇನೋದಲ್ಲೇ ಇದ್ದಳು. ಹೋಗಿ ಅಂದೆ. ಐಆರ್‌ಎಯನ್ನು ರಾತ್ ಖಾತೆಗೆ (ಬದಲಿಸುವಾಗಲೇ ಟ್ಯಾಕ್ಸ್ ಕಟ್ಟಿ, ಆಮೇಲೆ ಟ್ಯಾಕ್ಸ್ ಇಲ್ಲದೆ ತೆಗೆಯುವ ಖಾತೆ) ಬದಲಿಸುವ ಯೋಚನೆ ಇತ್ತು, ಅದನ್ನೂ ಅಲ್ಲಿಗೆ ಹೋದ ಮೇಲೆ ಮಾಡಿ ಅಂದೆ. ಹೋದ ತಿಂಗಳೊಳಗೆ ಕಾರಿನ ನೋಂದಣಿ ಬದಲಿಸಿದರು, ತೊಂಬತ್ತು ದಿನದೊಳಗೆ ಟೆಕ್ಸಸ್ ಲೈಸೆನ್ಸ್ ಮಾಡಿಸಿದರು. ಸಾಮಾನಿನ ಲಾರಿಯ ರಸೀದಿಯನ್ನೂ ಜೋಪಾನವಾಗಿ ಇಟ್ಟಿದ್ದಾರೆ.

ಅಕ್ಕ ಭಾವ ಫ್ರೀಮಾಂಟ್‌ನಲ್ಲೇ ಉಳಿದರು. ಗೆಳೆಯರು ಎಲ್ಲ ತಗೊಂಡು ಹೋದರು, ಕರಿಬೇವಿನ ಗಿಡ ಒಂದನ್ನು ಬಿಟ್ಟು. ನಿಂಬೆ ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಕರಿಬೇವಿನಲ್ಲೂ ಸೇರುತ್ತದೆ ಅಂತ ಅದನ್ನು ರಾಜ್ಯದಿಂದ ರಾಜ್ಯಕ್ಕೆ ಒಯ್ಯಲು ನಿರ್ಬಂಧ ಇದೆ. ಹದಿನೆಂಟು ವರ್ಷದ ಗಿಡ. ಈಗ ಅದು ಅಕ್ಕನ ಹಿತ್ತಲಲ್ಲಿ, ದೊಡ್ಡ ಡ್ರಮ್ಮಿನಲ್ಲಿ ನಿಂತಿದೆ.